ಲೇಹ್‌ನಿಂದ ದೆಹಲಿಗೆ ಕಾರಲ್ಲಿ ಇಳಿಯೋಕೆ ಎರಡು ದಿನ ಸಾಕಾ?

ಹಳೇ_ಹ್ಯಾಚ್‌ಬ್ಯಾಕ್:
ತಮ್ಮನಿಗೆ ಲೇಹ್‌ನಿಂದ ದೆಹಲಿಗೆ ಟ್ರಾನ್ಸ್‌ಫರ್ ಆಗಿದೆ, ಕಾರು ಅಲ್ಲೇ ಇದೆ, ಪೆಟ್ರೋಲ್ ಗಾಡಿ. ಆಗಸ್ಟ್‌ನಲ್ಲಿ ನಾನು ಶುಕ್ರವಾರ ಬೆಂಗಳೂರಿಂದ ಫ್ಲೈಟಲ್ಲಿ ಹೋಗಿ ಶನಿವಾರ ಬೆಳಿಗ್ಗೇನೇ ಇಬ್ರೂ ಸೇರಿ ಹೊರಡೋದು ಅಂತ ಪ್ಲಾನು. ಅಮ್ಮನೂ ಬರ್ತಾರೆ, 64 ವರ್ಷ, ತಿಂಗಳಿಂದ ತಮ್ಮನ ಹತ್ರಾನೇ ಇದಾರೆ, ಅವರದ್ದೇ ಯೋಚನೆ ನಂಗೆ. ಮನಾಲಿ ದಾರಿ ಸುಮಾರು ಸಾವಿರ ಕಿಲೋಮೀಟರ್ ಅಷ್ಟೇ ಅಲ್ವಾ, ಎರಡು ದಿನ ಸಾಕಾ, ಇಲ್ಲಾ ಶ್ರೀನಗರ ಕಡೆಯಿಂದ ಬರೋದು ವಾಸಿನಾ?

ಘಾಟಿ_ಹುಚ್ಚ:
ಗುರು, ಅಮ್ಮಂಗೆ ಆ ಎತ್ತರದ ತೆಳು ಗಾಳಿ ಒಗ್ಗಿರುತ್ತೆ, ಯೋಚನೆ ಮಾಡ್ಬೇಕಾಗಿರೋದು ನಿಂದು! ಲೇಹ್ 3,500 ಮೀಟರ್, ಫ್ಲೈಟಿಳಿದ ಮಾರನೇ ದಿನಾನೇ ಮನಾಲಿ ದಾರಿಯ ತಂಗ್‌ಲಾಂಗ್ ಲಾ (ಲಾ ಅಂದ್ರೆ ಘಾಟಿ) ಹತ್ತಿದ್ರೆ ಅದು 5,300 ಮೀಟರ್ ಮೇಲಿದೆ, ತಲೆ ಸಿಡಿದು ವಾಂತಿ ಆಗ್ತಾ ಇರೋವಾಗ ಸ್ಟಿಯರಿಂಗ್ ಹಿಡಿಯೋನು ಯಾರು. ಎರಡು ದಿನ ಲೇಹ್‌ನಲ್ಲಿ ಸುಮ್ನೆ ಬಿದ್ಕೋ, ಆಮೇಲೆ ಹೊರಡು. ಬೆಳಿಗ್ಗೆ ಐದಕ್ಕೆ ಬಿಟ್ರೆ ಕತ್ತಲಾಗೋದ್ರೊಳಗೆ ಜಿಸ್ಪಾ ಸೇರ್ಕೋಬಹುದು, ಅದು ಲೇಹ್‌ಗಿಂತ ತಗ್ಗು, ನಿದ್ದೆ ಚೆನ್ನಾಗಿ ಬರುತ್ತೆ. ಸರ್ಚು, ಪಾಂಗ್‌ನಲ್ಲಿ ಮಾತ್ರ ಮಲಗಬೇಡಿ, ಎರಡೂ 4,200 ಮೀಟರ್ ಮೇಲೆ. ಪೆಟ್ರೋಲ್ ಲೇಹ್ ದಾಟಿದ್ಮೇಲೆ ಸಿಗೋ ಕಾರೂ ಅನ್ನೋ ಊರಲ್ಲೇ ಫುಲ್ ಮಾಡ್ಸು, ಮುಂದಿನ ಬಂಕು ಹತ್ರಹತ್ರ 330 ಕಿಲೋಮೀಟರ್ ದೂರ ತಾಂಡಿಯಲ್ಲಿ.

ನಿಧಾನ_ಡ್ರೈವರ್:
ಮೇಲಿನವರು ಹೇಳಿದ್ದು ಸರಿ, ಆದ್ರೆ ವಯಸ್ಸಾದವರನ್ನ ಹದಿಮೂರು ಹದಿನಾಲ್ಕು ಗಂಟೆ ಕೂರಿಸ್ಕೊಂಡು ಹೋಗೋದು ನಂಗ್ಯಾಕೋ ಸರಿ ಅನ್ಸಲ್ಲ. ಶ್ರೀನಗರ ದಾರಿ ಒಟ್ಟು ಇನ್ನೂರೈವತ್ತು ಕಿಲೋಮೀಟರ್ ಜಾಸ್ತಿ ಆದ್ರೂ ಕಾರ್ಗಿಲ್‌ನಲ್ಲಿ ಆರಾಮಾಗಿ ಉಳ್ಕೋಬಹುದು, ಆ ದಾರೀಲಿ ಎಲ್ಲಕ್ಕಿಂತ ಎತ್ತರದ ಘಾಟಿ ಫೋಟು ಲಾ ಕೂಡ 4,100 ಮೀಟರ್ ಅಷ್ಟೇ. ಮಳೆಗಾಲದ ಗುಡ್ಡ ಕುಸಿತ ಮಾತ್ರ ಎರಡು ಕಡೆನೂ ಇದ್ದಿದ್ದೇ, ಶ್ರೀನಗರ ದಾರೀಲಿ ರಾಂಬನ್, ಮನಾಲಿ ದಾರೀಲಿ ಮಂಡಿ ಕುಲ್ಲು ಮಧ್ಯೆ. ಯಾವ್ದಾದ್ರೂ ಸರಿ ಒಂದು ದಿನ ಕೈಯಲ್ಲಿ ಎಕ್ಸ್ಟ್ರಾ ಇಟ್ಕೊಳಿ. ಇನ್ನೊಂದು, ಪ್ರೀಪೇಯ್ಡ್ ಸಿಮ್ ನಂಬ್ಕೊಂಡು ಹೋಗ್ಬೇಡಿ, ನಮ್ ಕಡೆದು ಲಡಾಖ್, ಕಾಶ್ಮೀರದಲ್ಲಿ ನಡಿಯಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಘಾಟಿ_ಹುಚ್ಚ:
ಒಪ್ಪಿದೆ. ಮನಾಲಿ ಕಡೆ ಬಂದ್ರೆ ಬಾರಾಲಾಚಾ ಘಾಟಿ ಇಳಿದ್ಮೇಲೆ ಹಳ್ಳಗಳು ರಸ್ತೆ ಮೇಲೇನೇ ಹರಿತಾವೆ, ಮಧ್ಯಾಹ್ನ ಹಿಮ ಕರಗಿ ನೀರು ಜೋರಾಗುತ್ತೆ, ಲೇಹ್ ಕಡೆಯಿಂದ ಬರೋರು ಸರಿಯಾಗಿ ಆ ಹೊತ್ತಿಗೇ ಅಲ್ಲಿರ್ತಾರೆ. ಮುಂದೆ ಲಾರಿ ದಾಟೋದನ್ನ ನೋಡಿ, ಚಕ್ರ ಎಷ್ಟು ಮುಳುಗುತ್ತೆ ಅಂತ ಗೊತ್ತಾಗುತ್ತೆ. ಅದಕ್ಕೂ ಮುಂಚೆ ಸಿಗೋ ಗಾಟಾ ಲೂಪ್ಸ್ ಅನ್ನೋ ಇಳಿಜಾರಲ್ಲಿ 21 ತಿರುವು, ಇಳಿಯೋವಾಗ ಸೆಕೆಂಡ್ ಗೇರಲ್ಲೇ ಇರಿ, ನಾನು ಬ್ರೇಕ್ ತುಳ್ಕೊಂಡೇ ಇಳಿದು ಕೆಳಗೆ ಬರೋಷ್ಟರಲ್ಲಿ ಸುಟ್ಟ ವಾಸನೆ, ಅರ್ಧ ಗಂಟೆ ಕಲ್ಲಿನ ಮೇಲೆ ಕೂತಿದ್ದೆ. ತಂಗ್‌ಲಾಂಗ್ ಲಾದಲ್ಲಿ ಮುಚ್ಚಳ ಹಾಕಿದ್ದ ಖಾಲಿ ಬಾಟ್ಲಿ ಮನಾಲಿಗೆ ಬರೋಷ್ಟರಲ್ಲಿ ಮುದುಡಿ ಹೋಗಿತ್ತು. ಲೇಹ್‌ನಲ್ಲಿ ತುಂಬಿಸಿದ ಟೈರ್ ಗಾಳಿನೂ ಕೆಳಗೆ ಬಂದ್ಮೇಲೆ ಕಮ್ಮಿ ತೋರಿಸುತ್ತೆ, ಚೆಕ್ ಮಾಡಿಸ್ಕೊಳಿ.

ಹಳೇ_ಹ್ಯಾಚ್‌ಬ್ಯಾಕ್:
ಅಯ್ಯೋ, ನನ್ನ ಬಗ್ಗೆ ಯೋಚ್ನೇನೇ ಮಾಡಿರ್ಲಿಲ್ಲ. ಫ್ಲೈಟ್ ಬುಧವಾರಕ್ಕೆ ಬದಲಾಯಿಸ್ದೆ. ದಾರಿ ಅಮ್ಮನ್ನೇ ಕೇಳ್ದೆ, ‘ಎಲ್ಲಿ ಇಳಿದಿಳಿದು ಕಾಲು ಚಾಚೋಕಾಗುತ್ತೋ ಅಲ್ಲಿ’ ಅಂದ್ರು. ಕಾರ್ಗಿಲ್‌ನಲ್ಲಿ ರೂಮ್ ಹುಡುಕ್ತಿದೀನಿ.