ಎಲ್ಕ್ ಬೇಟೆಗೆ ದೊಡ್ಡ ರಿವಾಲ್ವರ್: ಯಾವ ಕ್ಯಾಲಿಬರ್ ತೆಗೆದುಕೊಳ್ಳಲಿ?

ಡೆನ್ವರ್‌ನಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೊಲರಾಡೊದಲ್ಲಿ ಹಲವು ವರ್ಷದಿಂದ ಇದ್ದೇನೆ, ಗ್ರೀನ್ ಕಾರ್ಡ್ ಇದೆ. ರೈಫಲ್‌ನಲ್ಲಿ ಮ್ಯೂಲ್ ಡಿಯರ್ ಜಿಂಕೆ, ಅದಕ್ಕಿಂತ ತುಂಬಾ ದೊಡ್ಡದಾದ ಎಲ್ಕ್ ಎರಡನ್ನೂ ಹೊಡೆದಿದ್ದೇನೆ. ಮುಂದಿನ ಸೀಸನ್‌ನಲ್ಲಿ ರಿವಾಲ್ವರ್ ಹಿಡಿದು ಒಂದು ಹೆಣ್ಣು ಎಲ್ಕ್ ಬೇಟೆ ಮಾಡುವ ಆಸೆ. ನಾನು ಹೋಗುವ ಕಡೆ ಸ್ಪ್ರೂಸ್ ಮರಗಳು ದಟ್ಟವಾಗಿವೆ, ಪ್ರಾಣಿ ಕಾಣುವುದೇ ಹತ್ತಿರದಲ್ಲಿ. ಅಂಗಡಿಯಲ್ಲಿ .500 ಸ್ಮಿತ್ ಆಂಡ್ ವೆಸನ್ ಕ್ಯಾಲಿಬರ್ (ಅಂದರೆ ಗುಂಡಿನ ಅಗಲ, ಸುಮಾರಾಗಿ ಇಂಚಿನ ಲೆಕ್ಕದಲ್ಲಿ) ತೆಗೆದುಕೊಳ್ಳಿ ಎಂದರು. ಗೆಳೆಯ .44 ಮ್ಯಾಗ್ನಮ್ ಸಾಕು ಅನ್ನುತ್ತಾನೆ. ಕರಡಿಗೂ ಆಗುತ್ತದೆ ಅಂತ ಗಿಡ್ಡ ನಳಿಗೆಯ .454 ಕೂಡ ನೋಡಿದೆ. ನಿಮ್ಮ ಅನುಭವ ಹೇಳಿ. ಈವರೆಗೆ ನನ್ನ ಹತ್ತಿರ ಇದ್ದ ಕೈಗೋವಿ ಅಂದರೆ 9 ಎಂಎಂ ಪಿಸ್ತೂಲು ಮಾತ್ರ.

ವೈಯೋಮಿಂಗ್‌ನಿಂದ

ನಮಸ್ಕಾರ. ನಾನು ರಿವಾಲ್ವರ್ ಬೇಟೆಯನ್ನೇ ಹೆಚ್ಚು ಇಷ್ಟಪಡುವವನು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಕ್ಯಾಲಿಬರ್ ಆಮೇಲೆ ನೋಡೋಣ, ಮೊದಲು ದೂರ ಗೊತ್ತು ಮಾಡಿಕೊಳ್ಳಿ. ಆರು ಇಂಚಿನ ಕಾಗದದ ತಟ್ಟೆ ನಿಲ್ಲಿಸಿ, ಮೊಣಕಾಲೂರಿ ಅಥವಾ ಶೂಟಿಂಗ್ ಸ್ಟಿಕ್ (ಆಸರೆಯ ಕೋಲು) ಮೇಲೆ ಕೈಯಿಟ್ಟು ಹೊಡೆಯಿರಿ. ಬೆಂಚಿನ ಮೇಲೆ ಮರಳಿನ ಚೀಲ ಇಟ್ಟು ಹೊಡೆದದ್ದು ಲೆಕ್ಕಕ್ಕಿಲ್ಲ. ಎಲ್ಲ ಗುಂಡುಗಳೂ ತಟ್ಟೆಯೊಳಗೇ ಬೀಳುವ ಕೊನೆಯ ದೂರ ಯಾವುದೋ, ಅದೇ ನಿಮ್ಮ ಬೇಟೆಯ ದೂರ. ಎಲ್ಕ್‌ನ ಶ್ವಾಸಕೋಶದ ಜಾಗ ಅದಕ್ಕಿಂತ ತುಂಬಾ ದೊಡ್ಡದು, ನಿಜ. ಆದರೆ ಎದುರಿಗೆ ಎಲ್ಕ್ ನಿಂತಾಗ ನಿಮ್ಮ ಉಸಿರು ರೇಂಜ್‌ನಲ್ಲಿದ್ದಂತೆ ಇರುವುದಿಲ್ಲ. ಆ ಹೆಚ್ಚುವರಿ ಜಾಗ ಅದಕ್ಕೆ ಬೇಕು. ಹೊಸಬರಲ್ಲಿ ಬಹಳ ಜನರಿಗೆ ಈ ದೂರ 40, 50 ಗಜಕ್ಕೆ ನಿಲ್ಲುತ್ತದೆ. ದಟ್ಟ ಕಾಡಿಗೆ ಅಷ್ಟು ಸಾಕು.

ಇನ್ನು ಶಕ್ತಿಯ ಮಾತು. .30-06 ರೈಫಲ್‌ನ 180 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ನಳಿಗೆ ಬಿಡುವಾಗ ಸುಮಾರು 2,900 ಅಡಿ-ಪೌಂಡ್ ಶಕ್ತಿ ಹೊತ್ತಿರುತ್ತದೆ. .44 ಮ್ಯಾಗ್ನಮ್‌ನ 240 ಗ್ರೇನ್ ಗುಂಡು ಸೆಕೆಂಡಿಗೆ 1,350 ಅಡಿ ವೇಗದಲ್ಲಿ ಹೋದರೆ ಸುಮಾರು 970. ಮೂರರಲ್ಲಿ ಒಂದು ಪಾಲು. .454 ಕ್ಯಾಸುಲ್‌ನಲ್ಲಿ 300 ಗ್ರೇನ್ ಗುಂಡಿಗೆ 1,750ರ ಆಸುಪಾಸು, .500ರಲ್ಲಿ 400 ಗ್ರೇನ್ ಗುಂಡಿಗೆ 2,500ರ ಹತ್ತಿರ. ಈ ಅಂಕಿ ತೋರಿಸಿಯೇ ಅಂಗಡಿಯವರು ದೊಡ್ಡದನ್ನು ಮಾರುತ್ತಾರೆ.

ಆದರೆ ರೈಫಲ್ ಗುಂಡು ಕೊಲ್ಲುವ ರೀತಿ ಬೇರೆ. ಅದರ ವೇಗಕ್ಕೆ ಸುತ್ತಲಿನ ಮಾಂಸವೆಲ್ಲ ಹರಿದುಹೋಗುತ್ತದೆ. ರಿವಾಲ್ವರ್ ಗುಂಡು ತನ್ನ ಅಗಲದಷ್ಟೋ ಸ್ವಲ್ಪ ಹೆಚ್ಚೋ ತೂತು ಕೊರೆಯುತ್ತದೆ, ಅಷ್ಟೇ. ಆ ತೂತು ಎರಡೂ ಶ್ವಾಸಕೋಶ ದಾಟಿ ಆಚೆ ಬದಿ ಹೊರಬಂದರೆ ಎಲ್ಕ್ ಬೇಗ ಬೀಳುತ್ತದೆ. ಹೊಟ್ಟೆಗೆ ಬಿದ್ದರೆ .500 ಆದರೂ ಆ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಬೇರೆ ಬೇಟೆಗಾರರು ಹಾಗೆ ಗಾಯ ಮಾಡಿ ಬಿಟ್ಟ ಎಲ್ಕ್‌ಗಳ ಜಾಡು ಹಿಡಿದು ಹೋಗಿದ್ದೇನೆ. ಅದನ್ನು ಕಂಡ ಮೇಲೆ ಕ್ಯಾಲಿಬರ್ ಜಗಳದಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ಗುಂಡು ಎಲ್ಲಿ ಬೀಳುತ್ತದೆ ಅನ್ನುವುದೊಂದೇ ಪ್ರಶ್ನೆ.

ಹಾಗಾಗಿ ನನ್ನ ಸಲಹೆ .44 ಮ್ಯಾಗ್ನಮ್, ಏಳೂವರೆ ಇಂಚಿನ ನಳಿಗೆ. 1955ರಲ್ಲಿ ಈ ತೋಟಾ ಬಂದದ್ದೇ ಬೇಟೆಗಾರರ ಒತ್ತಾಯದಿಂದ. ಐಡಾಹೊದ ಎಲ್ಮರ್ ಕೀತ್ ಎಂಬ ಬೇಟೆಗಾರ .44 ಸ್ಪೆಷಲ್ ಎಂಬ ಹಳೆಯ, ಮೆದು ತೋಟಾಗೇ ಜಾಸ್ತಿ ಮದ್ದು ತುಂಬಿ ವರ್ಷಗಟ್ಟಲೆ ಹೊಡೆದು, ಇಂಥದ್ದೊಂದು ಮಾಡಿಕೊಡಿ ಅಂತ ಕಂಪನಿಗಳ ಬೆನ್ನು ಬಿದ್ದಿದ್ದ. ಇವತ್ತಿಗೂ ಈ ಕ್ಯಾಲಿಬರ್‌ನ ದೊಡ್ಡ ಗುಣ ಅಂದರೆ ಅದೇ ರಿವಾಲ್ವರ್‌ನಲ್ಲಿ .44 ಸ್ಪೆಷಲ್ ತೋಟಾವನ್ನೂ ಹೊಡೆಯಬಹುದು. ಮೆದುವಾದ ತೋಟಾದಿಂದ ಶುರು ಮಾಡಿ ನಿಧಾನವಾಗಿ ಮೇಲಕ್ಕೆ ಹೋಗಿ.

ರೂಗರ್ ಕಂಪನಿಯ ಸೂಪರ್ ರೆಡ್‌ಹಾಕ್ ರಿವಾಲ್ವರ್ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಏಳೂವರೆ ಇಂಚಿನದ್ದು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಆ ತೂಕ ಒದೆತವನ್ನು ನುಂಗುತ್ತದೆ. ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸುವ ಜಾಗವನ್ನು ಅದರ ಫ್ರೇಮ್‌ನಲ್ಲೇ ಕೊರೆದಿರುತ್ತಾರೆ. ಉದ್ದ ನಳಿಗೆಯ .500 ಎರಡು ಕಿಲೋ ದಾಟುತ್ತದೆ, ದಿನವಿಡೀ ಬೆಟ್ಟ ಹತ್ತುವವರಿಗೆ ಅದು ದೊಡ್ಡ ವ್ಯತ್ಯಾಸ.

.454 ಕೆಟ್ಟದ್ದು ಅಂತ ಹೇಳುತ್ತಿಲ್ಲ. ನಮ್ಮ ವೈಯೋಮಿಂಗ್‌ನ ಫ್ರೀಡಮ್ ಆರ್ಮ್ಸ್ 1983ರಲ್ಲಿ ತಂದ .454 ರಿವಾಲ್ವರ್‌ನಷ್ಟು ಚೊಕ್ಕ ಕೆಲಸ ನಾನು ಕಂಡದ್ದು ಕಡಿಮೆ. ಆದರೆ ಮದ್ದು ಉರಿದಾಗ ತೋಟಾದೊಳಗೆ ಏಳುವ ಗರಿಷ್ಠ ಒತ್ತಡ .44ರಲ್ಲಿ ಚದರ ಇಂಚಿಗೆ 36,000 ಪೌಂಡ್ ಆದರೆ, .454ರದ್ದು 65,000. ಒದೆತ ಜಾಸ್ತಿ ಇರುವುದಷ್ಟೇ ಅಲ್ಲ, ಚುರುಕಾಗಿ ಬಂದು ಮಣಿಕಟ್ಟಿಗೆ ಬಡಿಯುತ್ತದೆ. .480 ರೂಗರ್‌ನ ಒತ್ತಡ 48,000. ಅದು ದೊಡ್ಡ ಗುಂಡನ್ನು ತಳ್ಳಿದಂತೆ ಒದೆಯುತ್ತದೆ, ನನಗೆ .454ಗಿಂತ ಅದೇ ಹಿತ. ತೋಟಾ ಎಲ್ಲ ಅಂಗಡಿಯಲ್ಲಿ ಸಿಗದು ಅನ್ನುವುದೊಂದೇ ತೊಂದರೆ.

ಎಲ್ಕ್‌ಗೆ ಗಟ್ಟಿ ಸೀಸದ, ಮೂತಿ ಚಪ್ಪಟೆ ಇರುವ 300 ಗ್ರೇನ್ ಗುಂಡು ಹಾಕಿ. ಮೂಳೆ ತಾಗಿದರೂ ನೇರವಾಗಿ ತೂರಿಕೊಂಡು ಹೋಗುತ್ತದೆ. ಜಿಂಕೆಗೆ ತಾಗಿದ ಕೂಡಲೇ ಮೂತಿ ಅರಳುವ ಹಾಲೋ ಪಾಯಿಂಟ್ ಗುಂಡು ಒಳ್ಳೆಯದು. ಎಲ್ಕ್‌ನ ಭುಜದಲ್ಲಿ ಅದು ಬೇಗ ಅರಳಿ ಒಳಗೇ ನಿಂತುಬಿಡಬಹುದು. ಮಗ್ಗುಲು ತೋರಿಸಿ ನಿಂತಾಗ ಮಾತ್ರ, ಭುಜದ ಹಿಂದಕ್ಕೆ ಹೊಡೆಯಿರಿ. ಎದುರು ಮುಖವಾಗಿ ನಿಂತಿದ್ದರೆ ಬಿಟ್ಟುಬಿಡಿ.

ಒಹಾಯೊದಿಂದ

ನಾನು ಕೊಡಗಿನವಳು. ಕೈಲ್‌ಪೊದ್‌ಗೆ ಕೋವಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವಳು. ಆದರೂ ಇಲ್ಲಿ ರಿವಾಲ್ವರ್ ಹಿಡಿದಾಗ ಎಲ್ಲ ಹೊಸದಾಗಿ ಕಲಿಯಬೇಕಾಯಿತು. ಕೋವಿಯ ಹಿಡಿ ಹೆಗಲಿಗೆ ಕೂರುತ್ತದೆ, ಕೆನ್ನೆ ತಾಗುತ್ತದೆ. ರಿವಾಲ್ವರ್‌ಗೆ ಎರಡು ಅಂಗೈ ಬಿಟ್ಟರೆ ಬೇರೆ ಆಸರೆ ಇಲ್ಲ.

ಮೇಲೆ ಬರೆದ ಅಣ್ಣ ಹಿಡಿಯ ವಿಷಯ ಹೇಳಲಿಲ್ಲ. ನನ್ನ ಪ್ರಕಾರ ಅದು ಕ್ಯಾಲಿಬರ್‌ಗಿಂತ ಮುಖ್ಯ. ನನ್ನ ಕೈ ಚಿಕ್ಕದು. .500ರಂಥ ದೊಡ್ಡ ಫ್ರೇಮ್‌ನಲ್ಲಿ ಕುದುರೆ (ತೋಟಾ ಸಿಡಿಸಲು ಬಡಿಯುವ ಹಿಂದಿನ ಸುತ್ತಿಗೆ) ಎಳೆಯದೆ ನೇರವಾಗಿ ಟ್ರಿಗರ್ ಒತ್ತಲು ಹೋದರೆ ಬೆರಳ ತುದಿಯಷ್ಟೇ ತಾಗುತ್ತದೆ. ತಲುಪಿಸಲು ಕೈ ಪಕ್ಕಕ್ಕೆ ತಿರುಗಿಸಿದರೆ ಒದೆತ ಪೂರ್ತಿ ಹೆಬ್ಬೆರಳಿನ ಬುಡದ ಕೀಲಿಗೆ ಬೀಳುತ್ತದೆ. ಕೀಲು ಹಾಳಾದರೆ ಬೇಗ ಸರಿಹೋಗುವುದಿಲ್ಲ. ನಾನು ಬಳಸುವುದು ಬಿಸ್ಲೆ ಎಂಬ ಆಕಾರದ ಹಿಡಿ ಇರುವ ಸಿಂಗಲ್ ಆಕ್ಷನ್ ರೂಗರ್, .44. ಪ್ರತಿ ಸಲ ಕುದುರೆಯನ್ನು ಹೆಬ್ಬೆರಳಲ್ಲಿ ಎಳೆಯಬೇಕು, ಆಗ ಟ್ರಿಗರ್ ಹಿಂದೆ ಬಂದು ಬೆರಳಿಗೆ ಸಿಗುತ್ತದೆ. ಬೇಟೆಯಲ್ಲಿ ಆ ನಿಧಾನ ಒಳ್ಳೆಯದೇ.

ಅಂಗಡಿಯಲ್ಲಿ ಬರೀ ಎತ್ತಿ ನೋಡಬೇಡಿ. ಬಾಡಿಗೆಗೆ ರಿವಾಲ್ವರ್ ಕೊಡುವ ರೇಂಜ್‌ಗಳಿವೆ, ಅಲ್ಲಿ ಹೊಡೆದು ನೋಡಿ. ಹೊಡೆದ ಮೇಲೆ ಹಿಡಿ ಕೈಯಲ್ಲಿ ಎಷ್ಟು ತಿರುಗಿದೆ ನೋಡಿ. ಪ್ರತಿ ಸಲ ಸರಿಪಡಿಸಿಕೊಳ್ಳಬೇಕಾದರೆ ಆ ಹಿಡಿ ನಿಮ್ಮದಲ್ಲ.

ನಮ್ಮ ರಾಜ್ಯದಲ್ಲಿ ಜಿಂಕೆ ಬೇಟೆಗೆ ಕೈಗೋವಿಯ ನಳಿಗೆ ಕನಿಷ್ಠ ಐದು ಇಂಚು ಇರಬೇಕು, ತೋಟಾ ನೇರ ಗೋಡೆಯದ್ದಾಗಿರಬೇಕು (ಚಿಪ್ಪು ಕುತ್ತಿಗೆಯಂತೆ ಕಿರಿದಾಗಬಾರದು), .357ಗಿಂತ ಚಿಕ್ಕದಿರಬಾರದು. ಕೊಲರಾಡೊದಲ್ಲೂ ನಳಿಗೆಗೆ, ಕ್ಯಾಲಿಬರ್‌ಗೆ ಅದರದೇ ನಿಯಮ ಇದೆ. ದುಡ್ಡು ಕೊಡುವ ಮೊದಲು ಈ ವರ್ಷದ ನಿಯಮ ಪುಸ್ತಕ ಓದಿ.

ಟೆಕ್ಸಾಸ್‌ನಿಂದ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಎರಡು ವಿಷಯ ಸೇರಿಸುತ್ತೇನೆ.

ಒಂದು, ಕಿವಿ. ಮ್ಯಾಗ್ನಮ್ ರಿವಾಲ್ವರ್ ಸದ್ದು 160 ಡೆಸಿಬಲ್ ದಾಟುತ್ತದೆ. ತೋಟಾ ತುಂಬುವ ಉರುಳೆ ಮತ್ತು ನಳಿಗೆ ನಡುವಿನ ಸಂದಿನಿಂದಲೂ ಸದ್ದು, ಬೆಂಕಿ ಎರಡೂ ಹೊರಬರುತ್ತವೆ. ಬೇಟೆಯಲ್ಲಿ ಒಂದೇ ಗುಂಡು ತಾನೇ ಅಂತ ಎಷ್ಟೋ ಜನ ಕಿವಿ ಮುಚ್ಚುವುದಿಲ್ಲ. ಒಂದೇ ಗುಂಡು ಸಾಕು ಸರ್, ಹೋದ ಕಿವಿ ವಾಪಸ್ ಬರುವುದಿಲ್ಲ. ಎಲೆಕ್ಟ್ರಾನಿಕ್ ಇಯರ್‌ಮಫ್ ಸಿಗುತ್ತದೆ, ಎಲೆ ಸದ್ದು ಕೇಳಿಸುತ್ತದೆ, ಗುಂಡಿನ ಸದ್ದು ತಡೆಯುತ್ತದೆ. ನಳಿಗೆ ತುದಿಯಲ್ಲಿ ಮಜಲ್ ಬ್ರೇಕ್ (ಬಿಸಿ ಗಾಳಿ ಪಕ್ಕಕ್ಕೆ ಬಿಡುವ ತೂತುಗಳು) ಇರುವ ರಿವಾಲ್ವರ್ ಒದೆಯುವುದು ಕಡಿಮೆ, ಆದರೆ ಸದ್ದು ಇನ್ನೂ ಕೆಟ್ಟದಾಗಿ ಹಿಂದಕ್ಕೆ ಬರುತ್ತದೆ. ಆ ಸಂದಿನ ಹತ್ತಿರ ಹೆಬ್ಬೆರಳನ್ನಂತೂ ಇಡಲೇಬೇಡಿ. .460, .500ರಲ್ಲಿ ಆ ಬಿಸಿ ಗಾಳಿ ಬೆರಳನ್ನು ಕತ್ತರಿಸುವಷ್ಟು ಜೋರಿರುತ್ತದೆ.

ಎರಡು, ಎಲ್ಕ್‌ಗೆ ಹೋಗುವ ಮೊದಲು ಕಾಡುಹಂದಿ ಬೇಟೆಗೆ ಬನ್ನಿ. ಇಲ್ಲಿ ಹಂದಿಗಳು ಹೊಲಗಳನ್ನು ಉತ್ತು ಹಾಳು ಮಾಡುತ್ತವೆ, ಜಮೀನಿನವರೇ ಕರೆಯುತ್ತಾರೆ. ಮಾಲೀಕರ ಒಪ್ಪಿಗೆ ಇದ್ದರೆ ಖಾಸಗಿ ಜಮೀನಿನಲ್ಲಿ ಹಂದಿ ಹೊಡೆಯಲು 2019ರಿಂದ ಬೇಟೆ ಲೈಸೆನ್ಸ್ ಕೂಡ ಬೇಡ. ಹಂದಿಯ ಹೃದಯ, ಶ್ವಾಸಕೋಶ ಜಿಂಕೆಗಿಂತ ಕೆಳಗೆ, ಮುಂದೆ ಇರುತ್ತವೆ. ಜೀವ ಇರುವ ಪ್ರಾಣಿಯ ಮುಂದೆ ಟ್ರಿಗರ್ ಹೇಗೆ ಒತ್ತುತ್ತೀರಿ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಅಲಾಸ್ಕಾದಿಂದ

ಕರಡಿ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬೇಟೆಯ ರಿವಾಲ್ವರ್ ಬೇರೆ, ಕರಡಿ ಮೈಮೇಲೆ ಬಂದಾಗ ಬೇಕಾದ್ದು ಬೇರೆ. ಎರಡೂವರೆ ಇಂಚಿನ ನಳಿಗೆಯ ರಿವಾಲ್ವರ್ ಎರಡನೆಯ ಕೆಲಸಕ್ಕೆ ಮಾಡಿದ್ದು: ಎದೆ ಮೇಲೆ ಕೂರಬೇಕು, ಒಂದೇ ಕೈಯಲ್ಲಿ ಎಳೆದು ಹತ್ತು ಹೆಜ್ಜೆ ದೂರಕ್ಕೆ ಹೊಡೆಯಬೇಕು. ಅದರಲ್ಲಿ ಗುಂಡಿನ ವೇಗವೂ ಕಡಿಮೆ, ಗುರಿ ಹಿಡಿಯುವ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ಅಂತರವೂ ಕಡಿಮೆ. ಎಲ್ಕ್‌ಗೆ ಅದು ಬೇಡ. ಇಷ್ಟಕ್ಕೂ ಕೊಲರಾಡೊದಲ್ಲಿರುವುದು ಕಪ್ಪು ಕರಡಿ. ಅದಕ್ಕೆ ಬೇರ್ ಸ್ಪ್ರೇ (ಕರಡಿ ಓಡಿಸುವ ಖಾರದ ಸ್ಪ್ರೇ) ಇಟ್ಟುಕೊಳ್ಳಿ.

ಕ್ಯಾಲಿಫೋರ್ನಿಯಾದಿಂದ

ಇದನ್ನು ಓದುವ ಬೇರೆ ಹುಡುಗರಿಗೆ ಒಂದು ಮಾತು. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿಯಂಥ ವೀಸಾದಲ್ಲಿ ಇದ್ದರೆ ಬಂದೂಕು, ತೋಟಾ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಆದರೆ ಅದನ್ನು ನಂಬಿ ಮುಂದೆ ಹೋಗುವ ಮೊದಲು ವಕೀಲರನ್ನು ಕೇಳಿ. ನಮ್ಮ ರಾಜ್ಯದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ, ಹಾಗಾಗಿ ನಾನು ತಾಮ್ರದ ಗುಂಡನ್ನೇ ಬಳಸುತ್ತೇನೆ. ಚೆನ್ನಾಗಿ ತೂರುತ್ತದೆ. ಸೀಸದ ಚೂರು ಮಾಂಸದಲ್ಲಿ ಸೇರುವ ಭಯವೂ ಇಲ್ಲ. ಮನೆಯಲ್ಲಿ ಮಕ್ಕಳು ತಿನ್ನುತ್ತಾರೆ ಅಲ್ವಾ, ನಿಷೇಧ ಇಲ್ಲದಿದ್ದರೂ ನಾನು ಇದನ್ನೇ ಹಾಕುತ್ತಿದ್ದೆ.

ಡೆನ್ವರ್‌ನಿಂದ, ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಗಿಡ್ಡ ನಳಿಗೆಯದ್ದು ಬಿಟ್ಟೆ. ಈ ವಾರ ರೇಂಜ್‌ಗೆ ಹೋಗಿ .44 ಮತ್ತು .454 ಎರಡನ್ನೂ ಬಾಡಿಗೆಗೆ ಹೊಡೆದು ನೋಡುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ಕಬ್ಬಿಣದ ಸೈಟ್ ಸಾಕೋ, ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ಹಾಕಲೋ? ಗುಂಡು ಹಾರುವ ಮೊದಲೇ ಕೈ ಬೆಚ್ಚುವ ಅಭ್ಯಾಸ ಬರದಂತೆ ಏನು ಮಾಡಲಿ?

ವೈಯೋಮಿಂಗ್‌ನಿಂದ

ಕಣ್ಣಿಗೆ ನಲವತ್ತು ದಾಟಿದ್ದರೆ ರೆಡ್ ಡಾಟ್ ಹಾಕಿ. ಹಿಂದಿನ ಸೈಟ್, ಮುಂದಿನ ಸೈಟ್, ಪ್ರಾಣಿ ಮೂರನ್ನೂ ಸ್ಪಷ್ಟವಾಗಿ ನೋಡುವ ಕಷ್ಟ ತಪ್ಪುತ್ತದೆ. ಬೆಳಗಿನ ಮಬ್ಬಿನಲ್ಲೂ ಸಹಾಯ. ಸ್ಕೋಪ್ ಬೇಕಾದರೆ ಕೈಗೋವಿಗೆ ಅಂತಲೇ ಮಾಡಿದ್ದನ್ನು ತೆಗೆದುಕೊಳ್ಳಿ. ರೈಫಲ್ ಸ್ಕೋಪ್‌ಗೆ ಕಣ್ಣು ಹತ್ತಿರ ಇರಬೇಕು, ರಿವಾಲ್ವರ್‌ನಲ್ಲಿ ಅದು ನಿಮ್ಮ ಹಣೆ ಒಡೆಯುತ್ತದೆ. 240 ಗ್ರೇನ್‌ನ ಗುಂಡನ್ನು 50 ಗಜಕ್ಕೆ ಸರಿಮಾಡಿದರೆ 100 ಗಜದಲ್ಲಿ ಸುಮಾರು ಐದು ಇಂಚು ಕೆಳಗೆ ಬೀಳುತ್ತದೆ. 300 ಗ್ರೇನ್ ಬೇರೆ ಕಡೆ ಬೀಳುತ್ತದೆ, ಬೇಟೆಗೆ ಒಯ್ಯುವ ತೋಟಾದಲ್ಲೇ ಸೈಟ್ ಸರಿಮಾಡಿ.

ಬೆಚ್ಚುವುದಕ್ಕೆ ಮದ್ದು ಹಳೆಯದೇ. ಜೊತೆಗಾರರ ಕೈಯಲ್ಲಿ ತುಂಬಿಸಿ. ಉರುಳೆಯಲ್ಲಿ ಕೆಲವು ಜೀವಂತ ತೋಟಾ, ನಡುನಡುವೆ ಖಾಲಿ ಚಿಪ್ಪು. ಯಾವುದು ಎಲ್ಲಿದೆ ನಿಮಗೆ ಗೊತ್ತಿರಬಾರದು. ಖಾಲಿ ಚಿಪ್ಪಿನ ಮೇಲೆ ಕುದುರೆ ಬಿದ್ದಾಗ ನಳಿಗೆ ಅಲುಗಿತು ಅಂದರೆ ಅವತ್ತಿಗೆ .44 ಸ್ಪೆಷಲ್‌ಗೆ ಇಳಿಯಿರಿ. ಪೂರ್ತಿ ಶಕ್ತಿಯ ತೋಟಾವನ್ನು ಒಂದು ಸಲಕ್ಕೆ ಒಂದೆರಡು ಉರುಳೆಗಿಂತ ಜಾಸ್ತಿ ಹೊಡೆಯಬೇಡಿ. ದಣಿದ ಕೈ ಕೆಟ್ಟದ್ದನ್ನೇ ಕಲಿಯುತ್ತದೆ. ಇಲ್ಲೇ .500ಗೆ ಬೆಲೆ ತೆರಬೇಕಾಗುವುದು. ಅದರ ಒಂದು ತೋಟಾಗೆ ಮೂರು ಡಾಲರ್ ಆಸುಪಾಸು ಆಗುತ್ತದೆ, ಕೈ ನೋವೂ ಸೇರಿ ಜನ ಅಭ್ಯಾಸವನ್ನೇ ಬಿಡುತ್ತಾರೆ.

ಟೆಕ್ಸಾಸ್‌ನಿಂದ

ಬೇಟೆಗೆ ಹೋಗುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ ಸರ್. ಒದೆತದ ಜರ್ಕಿಗೆ ಉರುಳೆಯಲ್ಲಿ ಉಳಿದ ತೋಟಾಗಳ ಗುಂಡು ಚಿಪ್ಪಿನಿಂದ ಮುಂದಕ್ಕೆ ಜಾರಬಹುದು. ಜಾಸ್ತಿ ಜಾರಿದರೆ ಗುಂಡಿನ ಮೂತಿ ಫ್ರೇಮ್‌ಗೆ ತಾಗಿ ಉರುಳೆ ತಿರುಗುವುದೇ ಇಲ್ಲ, ಎರಡನೇ ಈಡು ಹೊಡೆಯಲಾಗದು. ಒಂದು ತೋಟಾದ ಉದ್ದ ಅಳೆದು ಗುರುತು ಹಾಕಿ, ಉಳಿದದ್ದೆಲ್ಲ ಹೊಡೆದು, ಅದನ್ನು ಹೊರತೆಗೆದು ಮತ್ತೆ ಅಳೆಯಿರಿ. ಉದ್ದ ಆಗಿದ್ದರೆ ಆ ಪೆಟ್ಟಿಗೆ ಬೇಟೆಗೆ ಬೇಡ, ಬೇರೆ ತಯಾರಕರ ತೋಟಾ ತಂದು ಮತ್ತೆ ಅಳೆಯಿರಿ.