ಹಲಸಿನ ಹಬ್ಬದ ಪೋಸ್ಟರಿಗೆ ದಪ್ಪ, ಒರಟು ಅಂಚಿನ ಕನ್ನಡ ಫಾಂಟ್ ಯಾವುದಿದೆ?

ತೋಟದಮನೆ:
ಜೂನಿನಲ್ಲಿ ನಮ್ಮೂರಲ್ಲಿ ಹಲಸಿನ ಹಬ್ಬ ಇದೆ. ಪೋಸ್ಟರ್ ಕೆಲಸ ನನ್ನ ಪಾಲಿಗೆ ಬಂದಿದೆ. "ಹಲಸಿನ ಹಬ್ಬ" ಅನ್ನೋದು ಬಸ್ಸಿನಲ್ಲಿ ಕೂತವರಿಗೂ ಕಾಣಬೇಕು, ಅಂಚು ಹಲಸಿನ ಸಿಪ್ಪೆ ಥರ ಒರಟಾಗಿರಬೇಕು. ಇಂಗ್ಲಿಷಿನಲ್ಲಿ ಇಂಥ ಫಾಂಟು ರಾಶಿ ಸಿಗ್ತವೆ, ಕನ್ನಡದಲ್ಲಿ ಯಾವುದಿದೆ? ಹಪ್ಪಳ, ಚಿಪ್ಸ್ ಪ್ಯಾಕೆಟ್ಟಿನ ಲೇಬಲ್ಲಿಗೂ ಅದನ್ನೇ ಹಾಕೋಣ ಅಂತಿದ್ದೀವಿ.

ಲಿಪಿಗಾರ:
ದಪ್ಪಕ್ಕೆ ಬಲೂ ತಮ್ಮ ಅನ್ನೋ ಫಾಂಟ್ ಇದೆ, ಆದರೆ ಅದು ದುಂಡಗೆ, ಮೆತ್ತಗೆ. ಅಕಾಯ ಕನಡಕ ಅನ್ನೋದರಲ್ಲಿ ಕೈಬರಹದ ಓಟ ಚೆನ್ನಾಗಿದೆ, ಒರಟುತನ ಇಲ್ಲ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗ್ತವೆ, ಮಾರಾಟದ ಲೇಬಲ್ಲಿಗೂ ಬಳಸಬಹುದು.

ಮಸಿಕೈ:
ಇರೋದು ಆರೇ ಅಕ್ಷರ, ಫಾಂಟ್ ಯಾಕೆ ಹುಡುಕ್ತೀರಿ? ಕೊರೆದುಬಿಡಿ. ನಾನು ಲಿನೋ ಶೀಟಿನಲ್ಲಿ (ಅಕ್ಷರ ಉಲ್ಟಾ ಕೊರೆದು, ಮಸಿ ಹಚ್ಚಿ ಒತ್ತೋ ಮೆತ್ತನೆ ಹಾಳೆ) ಅಚ್ಚು ಕೊರೆಯೋನು, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ. ನಿಮ್ಮ ಹಬ್ಬದ ಹೆಸರಲ್ಲಿ ಎರಡು "ಹ" ಇವೆ. ಒರಟು ಫಾಂಟಿನಲ್ಲಿ ಟೈಪ್ ಮಾಡಿದರೆ ಎರಡಕ್ಕೂ ಅದೇ ಜಾಗದಲ್ಲಿ ಅದೇ ಮುಕ್ಕು ಬರುತ್ತೆ. ಅಲ್ಲಿಗೆ ಕೈಕೆಲಸದ ಕಳೆ ಹೋಯ್ತು. ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಇಟ್ಟಿರೋ ಫಾಂಟುಗಳೂ ಇವೆ, ಆದರೆ ಕನ್ನಡದ ಕಾಗುಣಿತ, ಒತ್ತು ಎಲ್ಲಕ್ಕೂ ಹಾಗೆ ಮಾಡೋದು ಭಾರೀ ಕೆಲಸ.

ಜರ್ಮನಿಯ ರುಡಾಲ್ಫ್ ಕೋಖ್ 1923ರಲ್ಲಿ ನಾಯ್‌ಲಾಂಟ್ ಅನ್ನೋ ದಪ್ಪ ಅಕ್ಷರ ಮಾಡಿದಾಗ ಮೊದಲು ಚಿತ್ರ ಬರೆದುಕೊಳ್ಳದೆ ನೇರ ಲೋಹದಲ್ಲೇ ಕೊರೆದರು. ಒಂದೊಂದು ಅಳತೆಗೂ ಬೇರೆ ಬೇರೆ ಕೊರೆದಿದ್ದರಿಂದ ಸಣ್ಣದರ ಆಕಾರವೇ ಬೇರೆ, ದೊಡ್ಡದರ ಆಕಾರವೇ ಬೇರೆ. ನೀವೂ ಲೇಬಲ್ಲಿಗೆ ಪೋಸ್ಟರಿನ ಅಕ್ಷರ ಕುಗ್ಗಿಸಬೇಡಿ. ಅಷ್ಟು ಸಣ್ಣದರಲ್ಲಿ ಒರಟು ಅಂಚು ಪ್ರಿಂಟ್ ಕೆಟ್ಟ ಹಾಗೆ ಕಾಣುತ್ತೆ. ಅದಕ್ಕೆ ಬೇರೆಯೇ, ಕೊಂಚ ತೆಳ್ಳಗೆ ಮಾಡಿ.

ಜಾಗ್ರತೆ ಬೇಕಾದ್ದು ಅಕ್ಷರದ ಒಳಗಿನ ಬಿಳಿಗೆ. "ಸಿ" ಮೇಲಿನ ಗುಡಿಸಿನ ಕಣ್ಣು, "ಬ್ಬ" ಒತ್ತಿನ ಹೊಟ್ಟೆ, ಇವೆರಡೂ ಮಸಿ ಕಟ್ಟಿ ಮುಚ್ಚಿಹೋಗುವ ಜಾಗ. ಅಲ್ಲಿ ಕಣ್ಣಿಗೆ ಹೆಚ್ಚಾಯ್ತು ಅನ್ನಿಸುವಷ್ಟು ಬಿಳಿ ಬಿಡಿ. ಒತ್ತು ಮೇಲಿನ "ಬ"ಕ್ಕಿಂತ ತೆಳ್ಳಗಿರಲಿ. ಒರಟು ಹೊರ ಅಂಚಿಗೆ ಸಾಕು, ಒಳಗೆ ನುಣುಪಾಗಿಯೇ ಇರಲಿ. ತಾರೀಖು, ಜಾಗ, ಫೋನ್ ನಂಬರಿಗೆ ಸಾದಾ ಫಾಂಟ್ ಹಾಕಿ. ಅಲ್ಲಿ ಓದೋಕೆ ಕಷ್ಟ ಆದರೆ ಜನ ಬರಲ್ಲ.

ತೋಟದಮನೆ:
ಕೊರೆಯೋದೇ ಸರಿ ಅನ್ನಿಸ್ತಿದೆ ಸರ್. ಆದರೆ ಲಿನೋ ಶೀಟು ನಮ್ಮ ಕಡೆ ಸಿಗಲ್ಲ, ಉಲ್ಟಾ ಕೊರೆದೂ ಅಭ್ಯಾಸ ಇಲ್ಲ.

ಮಸಿಕೈ:
ಹಾಗಾದರೆ ಕಪ್ಪು ಡ್ರಾಯಿಂಗ್ ಹಾಳೆ, ಕತ್ತರಿ ಸಾಕು. ಪೆನ್ಸಿಲ್ ಗೆರೆ ಹಾಕದೆ ಒಂದೊಂದೇ ಅಕ್ಷರ ಕತ್ತರಿಸಿ, ಬಿಳಿ ಹಾಳೆಗೆ ಅಂಟಿಸಿ. ಉಲ್ಟಾ ಮಾಡೋ ತಾಪತ್ರಯ ಇಲ್ಲ, ಕತ್ತರಿ ತಿರುಗಿದಲ್ಲೆಲ್ಲ ಮೂಲೆ ತಾನಾಗೇ ಬೀಳುತ್ತೆ. 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ ಇಲ್ಲಿ ಹಾಕಿ. "ಬ್ಬ" ಹೇಗೆ ಬಂದಿದೆ ನೋಡಿ ಹೇಳ್ತೀನಿ.