‘ಮೂಕಾಭಿನಯ’ದಲ್ಲಿ ಮೂಕ ಯಾರು?

ಪ್ರಶ್ನೆ (ಹಾಸನ)
ಮಾನ್ಯರೇ, ನಮ್ಮ ಕಾಲೇಜಿನ ಯುವಜನೋತ್ಸವದ ಕರಪತ್ರದಲ್ಲಿ ಒಂದು ಸ್ಪರ್ಧೆಯನ್ನು ‘ಮೂಕಾಭಿನಯ’ ಎಂದು ಅಚ್ಚು ಹಾಕಿಸಿದ್ದೇವೆ. ಮೊನ್ನೆ ತಾಲೀಮಿನಲ್ಲಿ ಹುಡುಗನೊಬ್ಬ ಇಲ್ಲದ ಬಾವಿಯಿಂದ, ಇಲ್ಲದ ಹಗ್ಗ ಹಿಡಿದು ನೀರು ಸೇದುತ್ತಿದ್ದಾಗ, ಸಹೋದ್ಯೋಗಿಯೊಬ್ಬರು ‘ಮೂಕ’ ಎಂಬ ಪದ ಮಾತು ಬಾರದವರನ್ನು ನೋಯಿಸುತ್ತದೆ, ‘ಮೈಮ್’ ಎಂದೇ ಬರೆಯಿರಿ ಎಂದರು. ಎರಡೂ ಪದಗಳ ಮೂಲವೇನು, ಅರ್ಥ ಒಂದೇ ಏನು ಎಂದು ಬಲ್ಲವರು ತಿಳಿಸಬೇಕು.

ಉತ್ತರ (ಚಿಕ್ಕಮಗಳೂರು)
ಮೂಕ ಮತ್ತು ಅಭಿನಯ ಕೂಡಿ ಸವರ್ಣದೀರ್ಘ ಸಂಧಿಯಾಗಿದೆ. ಸಮಾಸವನ್ನು ‘ಮೂಕವಾದ ಅಭಿನಯ’ ಎಂದು ಬಿಡಿಸಬೇಕೇ ಹೊರತು ‘ಮೂಕನ ಅಭಿನಯ’ ಎಂದಲ್ಲ. ಇಲ್ಲಿ ಮೂಕವಾಗಿರುವುದು ಅಭಿನಯ, ನಟನಲ್ಲ. ಮೂಕಿ ಚಿತ್ರಗಳ ನಟರಿಗೆ ಮಾತು ಬರುತ್ತಿರಲಿಲ್ಲವೆಂದು ಯಾರೂ ತಿಳಿಯುವುದಿಲ್ಲವಷ್ಟೆ. ‘ಅಭಿ’ ಎಂದರೆ ಎದುರಿಗೆ, ‘ನೀ’ ಧಾತುವಿಗೆ ಒಯ್ಯು ಎಂಬ ಅರ್ಥ. ಆದ್ದರಿಂದ ಅಭಿನಯವೆಂದರೆ ಅರ್ಥವನ್ನು ನೋಡುವವರ ಬಳಿಗೆ ಒಯ್ಯುವುದು. ನಾಟ್ಯಶಾಸ್ತ್ರ ಹೇಳುವ ಆಂಗಿಕ (ಅಂಗಗಳ ಚಲನೆ), ವಾಚಿಕ (ಮಾತು), ಆಹಾರ್ಯ (ವೇಷಭೂಷಣ), ಸಾತ್ತ್ವಿಕ (ಒಳಗಿನ ಭಾವ) ಎಂಬ ನಾಲ್ಕು ಅಭಿನಯಗಳಲ್ಲಿ ವಾಚಿಕವೊಂದನ್ನು ಬಿಟ್ಟರೂ ಒಯ್ಯಲು ಮೂರು ದಾರಿಗಳು ಉಳಿಯುತ್ತವೆ. ಬಂಗಾಳಿಯಲ್ಲಿಯೂ ಈ ಕಲೆಗೆ ಇದೇ ಹೆಸರು. ‘ಮೂಗ’ ಎಂಬ ತದ್ಭವವನ್ನು ನಮ್ಮಲ್ಲಿ ಹೀಯಾಳಿಕೆಗೆ ಬಳಸುವುದರಿಂದ ನಿಮ್ಮ ಸಹೋದ್ಯೋಗಿಯ ಅಳುಕು ನನಗೆ ಅರ್ಥವಾಗುತ್ತದೆ. ಅಷ್ಟು ಸಂಕೋಚವಿದ್ದರೆ ‘ಮೌನಾಭಿನಯ’ ಎನ್ನಬಹುದು.

ಉತ್ತರ (ಕೊಪ್ಪ)
‘ಮೈಮ್’ ಎಂದು ಬರೆದರೆ ತೊಡಕು ತೀರುವುದಿಲ್ಲ, ಏಕೆಂದರೆ ಆ ಪದದೊಳಗೆ ಮೌನವೇ ಇಲ್ಲ. ಗ್ರೀಕಿನ ‘ಮಿಮೋಸ್’ ಎಂದರೆ ಅನುಕರಿಸುವವನು. ಅದೇ ಹೆಸರಿನ ಪ್ರಾಚೀನ ಕಿರುಪ್ರಹಸನಗಳಲ್ಲಿ ನಟರು ಧಾರಾಳವಾಗಿ ಮಾತನಾಡುತ್ತಿದ್ದರು. ಬಾಯಿ ಮುಚ್ಚಿದ್ದು ಎಲ್ಲವನ್ನೂ ಅನುಕರಿಸುವವನು ಎಂಬ ಅರ್ಥದ ‘ಪ್ಯಾಂಟೊಮಿಮೋಸ್’. ರೋಮಿನಲ್ಲಿ ಕ್ರಿ.ಪೂ. 22ರ ಸುಮಾರಿಗೆ ಪಿಲಾಡೀಸ್ ಮತ್ತು ಬ್ಯಾಥಿಲಸ್ ಎಂಬಿಬ್ಬರು ಹೆಸರುವಾಸಿಯಾಗಿಸಿದ ಈ ಪ್ರಕಾರದಲ್ಲಿ, ತುಟಿ ಮುಚ್ಚಿದ ಮುಖವಾಡ ತೊಟ್ಟ ಒಬ್ಬನೇ ನರ್ತಕ ಪಾತ್ರಗಳನ್ನೆಲ್ಲ ಒಂದಾದ ಮೇಲೊಂದರಂತೆ ನಿರ್ವಹಿಸುತ್ತಿದ್ದ, ಕಥೆಯನ್ನು ಮೇಳದವರು ಹಾಡುತ್ತಿದ್ದರು. ನಮ್ಮ ಕಡೆಯ ಯಕ್ಷಗಾನದಲ್ಲಿ ಭಾಗವತರು ಪದ್ಯ ಹೇಳುವಾಗ ವೇಷಧಾರಿ ಕುಣಿದು ಅಭಿನಯಿಸುವಂತೆ ಎನ್ನೋಣವೆಂದರೆ, ಪದ್ಯ ಮುಗಿದೊಡನೆ ನಮ್ಮವರು ಅರ್ಥ ಹೇಳದೆ ಬಿಡುವವರಲ್ಲ! ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಆಡುವ ‘ಪ್ಯಾಂಟೊಮೈಮ್’ ಅಂತೂ ಹಾಡು, ಹಾಸ್ಯ, ಗದ್ದಲಗಳಿಂದಲೇ ತುಂಬಿರುತ್ತದೆ. ಮಾತಿಲ್ಲ ಎಂಬುದನ್ನು ಹೆಸರಿನಲ್ಲೇ ಹೇಳುವುದು ಕನ್ನಡದ ಪದ. ಅದನ್ನು ಬಿಡಬೇಡಿ ಎಂದೇ ನನ್ನ ಸಲಹೆ.

ಪ್ರಶ್ನೆ ಕೇಳಿದವರು (ಹಾಸನ)
ಇಬ್ಬರಿಗೂ ಕೃತಜ್ಞತೆಗಳು. ಸಮಾಸ ಬಿಡಿಸಿ ತೋರಿಸಿದ ಮೇಲೆ ಸಹೋದ್ಯೋಗಿಯವರೂ ಒಪ್ಪಿದ್ದರಿಂದ ಕರಪತ್ರ ಹಾಗೆಯೇ ಇರುತ್ತದೆ. ತಿದ್ದಬೇಕಾಗಿ ಬಂದದ್ದು ಆ ಹುಡುಗನನ್ನು: ಅರ್ಧಕ್ಕೆ ಸೇದಿದವನು ಬೆವರೊರೆಸಿಕೊಳ್ಳಲು ಎರಡೂ ಕೈಗಳನ್ನು ಹಗ್ಗದಿಂದ ತೆಗೆದುಬಿಟ್ಟ, ನೋಡುತ್ತಿದ್ದವರೆಲ್ಲ ಒಟ್ಟಿಗೆ ‘ಕೊಡ ಬಿತ್ತು’ ಎಂದು ಕೂಗಿಕೊಂಡರು.